ಬ್ಯಾಟರಿ ಇಳಿದರೂ ದನಿ ಇಳಿಯದ ಕಥೆ



1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು. ಕರೆಂಟು ಕಾಣದ ಹಳ್ಳಿಗಳಲ್ಲಿ ಆಗ ರೇಡಿಯೊ ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ. ಗಾಜಿನ ವಾಲ್ವು ಕಾಯಿಸಲು ಒಂದೂವರೆ ವೋಲ್ಟು, ದನಿ ದೊಡ್ಡದು ಮಾಡಲು 90 ವೋಲ್ಟು. ಬ್ಯಾಟರಿ ಹೊಸದಿದ್ದರೆ ಮಾತು ಗಂಟೆ ಹೊಡೆದ ಹಾಗೆ. ಹಳತಾಯಿತೋ, ಬಿತ್ತನೆಯ ಮಾತು ಬರುವಷ್ಟರಲ್ಲಿ ಪೆಟ್ಟಿಗೆ ಮೂಗಿನಲ್ಲಿ ಗೊಣಗುತ್ತಿತ್ತು.

ಈ ರೋಗಕ್ಕೆ ಮದ್ದು ಕಂಡವರು ರೇಡಿಯೊದವರಲ್ಲ, ಟೆಲಿಫೋನಿನವರು. ಅಮೆರಿಕದ ಉದ್ದುದ್ದ ತಂತಿಗಳಲ್ಲಿ ಸಾಲಾಗಿ ಆಂಪ್ಲಿಫೈಯರುಗಳಿದ್ದವು. ಒಂದೊಂದರ ದೋಷವೂ ಸೇರಿ ಮಾತೇ ಕೆಡುತ್ತಿತ್ತು. 1927ರ ಆಗಸ್ಟ್ 2ರಂದು ಹೆರಾಲ್ಡ್ ಬ್ಲ್ಯಾಕ್ ಎಂಬ ಇಂಜಿನಿಯರು ಕೆಲಸಕ್ಕೆ ದೋಣಿಯಲ್ಲಿ ಹೋಗುವಾಗ ಉಪಾಯ ಹೊಳೆದು, ಕೈಲಿದ್ದ ಪತ್ರಿಕೆಯ ಮೇಲೇ ಗೀಚಿಕೊಂಡರು. ಪೇಟೆಂಟು ಸಿಕ್ಕಿದ್ದು 1937ರಲ್ಲಿ!

ರಾಯ, ಬಸವಣ್ಣ, ತುರ್ತು ಕಾಲುವೆಗಳ ಕೆಳಗೆ ಬೇಸಾಯ ಮಾಡುವವರಿಗೆ ಈ ಉಪಾಯ ಹೊಸದಲ್ಲ ನೋಡಿ. ಜಾಣ ನೀರುಗಂಟಿ ಗದ್ದೆಗೆ ಬಿದ್ದ ನೀರು ನೋಡಿ ತೂಬಿನ ಬಾಗಿಲು ಎತ್ತುತ್ತಾನೆ, ಇಳಿಸುತ್ತಾನೆ. ಹಾಗೆಯೇ ಹೊರಬರುವ ದನಿಯ ಒಂದು ಚೂರನ್ನು ತಲೆಕೆಳಗು ಮಾಡಿ ಒಳಬಾಗಿಲಿಗೆ ಕೊಡುವುದು. ಹೊರಗೆ ಹೆಚ್ಚಾದರೆ ಕಡಿತ ಹೆಚ್ಚು, ಕಡಿಮೆಯಾದರೆ ಕಡಿತವೂ ಕಡಿಮೆ. ದನಿಯನ್ನು 10,000 ಪಟ್ಟು ಬೆಳೆಸುವ ಸರ್ಕ್ಯೂಟಿಗೆ ನೂರರಲ್ಲೊಂದು ಪಾಲು ಹೀಗೆ ತಿರುಗಿಸಿದರೆ ಕೈಗೆ ಬರುವುದು 99 ಪಟ್ಟು ಮಾತ್ರ. ದಂಡ ಅನ್ನಬೇಡಿ. ಸರ್ಕ್ಯೂಟಿನ ಬಲ ಅರ್ಧಕ್ಕಿಳಿದು 5,000 ಆದರೂ 98 ಪಟ್ಟು ಉಳಿಯುತ್ತದೆ! ಕೆರೆಯೇ ಬತ್ತಿದರೆ ಮಾತ್ರ ನೀರುಗಂಟಿ ಏನೂ ಮಾಡಲಾರ. ವೋಲ್ಟು ತೀರಾ ಕುಸಿದರೆ ಗಟ್ಟಿ ದನಿಯ ತಲೆ ಕತ್ತರಿಸಿದಂತಾಗುತ್ತದೆ.

1947ರಲ್ಲಿ ಟ್ರಾನ್ಸಿಸ್ಟರು ಬಂತು. ಅದಕ್ಕೆ ಕಡಿಮೆ ವೋಲ್ಟು ಸಾಕು, ಆದರೆ ಕಾವೇರಿದರೆ ಹೆಚ್ಚು ಕರೆಂಟು ಎಳೆಯುತ್ತದೆ. ನಮ್ಮ ತೋರಣಗಲ್ಲಿನ ಬಿಸಿಲಿಗೆ ಕೇಳಬೇಕೆ? ಅದರ ಎಮಿಟರ್ ಕಾಲಿಗೆ ಒಂದು ರೆಸಿಸ್ಟರು ಕಟ್ಟಿದರು. ಕರೆಂಟು ಏರಿದರೆ ಅದೇ ತಡೆಯುತ್ತದೆ. ಈಗ ಕಡಲೆಕಾಳಿನಷ್ಟು ದೊಡ್ಡ ಚಿಪ್ಪು 4ರಿಂದ 12 ವೋಲ್ಟಿನವರೆಗೆ ಅಷ್ಟೇ ಪಟ್ಟು ಬೆಳೆಸುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ಹೊಳೆದಂಡೆಯ ಊರಿನ ಮೈಕು ತೊದಲಿದರೆ ಗತಿಯೇನು? ಪಂಚಾಯ್ತಿಗೆ ಆಂಪ್ಲಿಫೈಯರು ಕೊಳ್ಳುವಾಗ ಎಷ್ಟರಿಂದ ಎಷ್ಟು ವೋಲ್ಟಿಗೆ ನಡೆಯುತ್ತದೆಂದು ಹಿಂದಿನ ತಗಡಿನಲ್ಲಿ ಓದಿ. ಪಂಪ್‌ಸೆಟ್ಟುಗಳೆಲ್ಲ ಓಡುತ್ತಿರುವಾಗಲೇ ಒಮ್ಮೆ ಮಾತಾಡಿಸಿ ನೋಡಿ.