ಸಾಂತಾ ಫೆಯಲ್ಲಿ ಒಂದೇ ಒಂದು ಸೀಸನ್: ನೀ ಲ್ಯಾಂಪ್ಟಿ ಕಥೆ

ನಾನು ಆಳಂದ ತಾಲೂಕಿನ ಜಿಡಗಾದವನು. ನಮ್ಮ ಕಡೆ ಕುಸ್ತಿ ಅಂದ್ರೆ ಜನ ಸೇರ್ತಾರೆ, ಕಬಡ್ಡಿ ಅಂದ್ರೆ ಸೇರ್ತಾರೆ, ಫುಟ್‌ಬಾಲ್ ಅಂದ್ರೆ ಟಿವಿ ಮುಂದೆ ನಾಲ್ಕು ಹುಡುಗರು. ಆಫ್ರಿಕಾದ ಆಟಗಾರರು ಅಂದರೆ ನಮಗೆ ನೆನಪಾಗೋದು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಆ ಕ್ಲಬ್ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಾಗ ತಂಡದಲ್ಲಿ ಕೀನ್ಯಾದ ಕರ್ಟಿಸ್ ಒಸಾನೊ ಇದ್ದರು, ಲೈಬೀರಿಯಾದ ಜಾನಿ ಮೆನ್ಯೊಂಗಾರ್ ಇದ್ದರು. ಆಫ್ರಿಕಾದಿಂದ ಯುರೋಪಿಗೆ, ಏಷ್ಯಾಕ್ಕೆ ಹೋಗೋದು ಮಾಮೂಲಿ. ಆದರೆ ಆಫ್ರಿಕಾದಿಂದ ದಕ್ಷಿಣ ಅಮೆರಿಕಕ್ಕೆ? ಅದು ಅಪರೂಪ. ಆ ಖಂಡ ಆಟಗಾರರನ್ನು ಮಾರುವ ಖಂಡ, ಕೊಳ್ಳುವ ಖಂಡ ಅಲ್ಲ. ಹಾಗಿದ್ದ ಮೇಲೆ 1997ರಲ್ಲಿ ಘಾನಾದ ಒಬ್ಬ ಹುಡುಗ ಅರ್ಜೆಂಟೀನಾದ ಸಾಂತಾ ಫೆ ಊರಿನ ಉನಿಯೋನ್ ಕ್ಲಬ್ಬಿಗೆ ಹೇಗೆ ಬಂದ? ಇವತ್ತಿನ ಕಂತು ಇದರ ಮೇಲೆ.

ಹೆಸರು ನೀ ಲ್ಯಾಂಪ್ಟಿ. ಹುಟ್ಟಿದ್ದು 1974ರ ಡಿಸೆಂಬರ್‌ನಲ್ಲಿ, ಘಾನಾದ ಬಂದರು ಪಟ್ಟಣ ತೇಮಾದಲ್ಲಿ. ಅಪ್ಪ ಕುಡುಕ. ಹೊಡೆತ ಅಷ್ಟೇ ಅಲ್ಲ, ಮೈಮೇಲೆ ಸಿಗರೇಟಿನಿಂದ ಸುಟ್ಟದ್ದೂ ಉಂಟು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ತಂದೆ ತಾಯಿ ಬೇರೆಯಾದರು. ಶಾಲೆ ಅರ್ಧಕ್ಕೇ ನಿಂತಿತು. ಮನೆಯಿಂದ ತಪ್ಪಿಸಿಕೊಳ್ಳೋಕೆ ಹುಡುಗನಿಗೆ ಸಿಕ್ಕ ದಾರಿ ಚೆಂಡೊಂದೇ. ಒಂದು ಮುಸ್ಲಿಂ ಕ್ಲಬ್ಬಿನಲ್ಲಿ ಜಾಗ ಸಿಕ್ಕಿತು, ಅಲ್ಲೇ ಉಂಡ, ಅಲ್ಲೇ ಮಲಗಿದ, ಆ ಧರ್ಮವನ್ನೂ ಸ್ವೀಕರಿಸಿದ.

ಆಟ ಮಾತ್ರ ದೇವರು ಕೊಟ್ಟದ್ದು. ಹದಿನಾಲ್ಕಕ್ಕೇ, 1989ರಲ್ಲಿ, ಸ್ಕಾಟ್ಲೆಂಡಿನಲ್ಲಿ ನಡೆದ ಕಿರಿಯರ ವಿಶ್ವಕಪ್ ಆಡಿದ. ಬೆಲ್ಜಿಯಂನ ಆಂಡರ್ಲೆಕ್ಟ್ ಕ್ಲಬ್ ಕಣ್ಣು ಹಾಕಿತು, ಆದರೆ ಊರಿನ ಫುಟ್‌ಬಾಲ್ ಅಧಿಕಾರಿಗಳಿಗೆ ಹುಡುಗನನ್ನು ಬಿಡೋ ಮನಸ್ಸಿರಲಿಲ್ಲ. ಹುಡುಗ ಕದ್ದು ಗಡಿ ದಾಟಿ ನೈಜೀರಿಯಾ ಸೇರಿದ. ಆಂಡರ್ಲೆಕ್ಟ್‌ನಲ್ಲಿ ಆಡುತ್ತಿದ್ದ ನೈಜೀರಿಯಾದ ಸ್ಟೀಫನ್ ಕೇಶಿ ಅವನಿಗೆ ನೆರವಾದರು. ಹದಿನಾರಕ್ಕೇ ಬೆಲ್ಜಿಯಂನ ಅಗ್ರ ಲೀಗ್‌ನಲ್ಲಿ ಇಳಿದ. ಮರುವರ್ಷ, 1991ರಲ್ಲಿ, ಇಟಲಿಯಲ್ಲಿ ನಡೆದ ಹದಿನೇಳರೊಳಗಿನವರ ವಿಶ್ವಕಪ್ಪನ್ನು ಘಾನಾ ಗೆದ್ದಿತು. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 1-0. ಅದೇ ಟೂರ್ನಿಯಲ್ಲಿ ದೆಲ್ ಪಿಯೆರೊ, ವೆರೋನ್ ಕೂಡ ಆಡಿದ್ದರು. ಶ್ರೇಷ್ಠ ಆಟಗಾರನ ಚಿನ್ನದ ಚೆಂಡು ಬಂದದ್ದು ಲ್ಯಾಂಪ್ಟಿಗೆ. ಪೆಲೆ ಅವನನ್ನೇ ತನ್ನ ಉತ್ತರಾಧಿಕಾರಿ ಅಂದುಬಿಟ್ಟರು. ಪೆಲೆ ಹೀಗೆ ಹೊಗಳಿದ ಹುಡುಗರ ಪಟ್ಟಿ ಉದ್ದ ಇದೆ ಬಿಡಿ, ಆ ಮಾತು ಹೊತ್ತವರಿಗೆಲ್ಲ ಅದು ಭಾರವೇ ಆಗಿದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಓದು ಬರಹ ಬಾರದ ಹುಡುಗನ ಮುಂದೆ ಏಜೆಂಟ್ ಒಬ್ಬ ಒಪ್ಪಂದದ ಕಾಗದ ಇಟ್ಟ. ಏನು ಬರೆದಿದೆ ಅಂತ ತಿಳಿಯದೇ ಸಹಿ ಹಾಕಿದೆ ಅಂತ ಲ್ಯಾಂಪ್ಟಿ ಆಮೇಲೆ ಹೇಳಿದ್ದಾರೆ. ಎಲ್ಲಿ ಆಡಬೇಕು ಅನ್ನೋದು ಅಲ್ಲಿಂದ ಮುಂದೆ ಅವರ ಕೈಯಲ್ಲಿ ಉಳಿಯಲಿಲ್ಲ. ಪ್ರತಿ ಮಾರಾಟಕ್ಕೂ ಏಜೆಂಟ್‌ಗೆ ಪಾಲು. ಅಂದ್ರೆ ಹುಡುಗ ಒಂದು ಕಡೆ ನೆಲೆ ನಿಂತರೆ ಏಜೆಂಟ್‌ಗೆ ನಷ್ಟ, ಊರೂರು ತಿರುಗಿದರೆ ಲಾಭ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಕಡಿಯೋಕೆ ಗ್ಯಾಂಗ್ ಕಟ್ಟೋ ಮುಕಾದಮನ ಮುಂಗಡ, ಹೆಬ್ಬೆಟ್ಟು ಒತ್ತಿದ ಕಾಗದ ಗೊತ್ತಿದ್ದವರಿಗೆ ಇದೂ ಗೊತ್ತಿದ್ದಂಗೇ.

ನೋಡ್ರಿ, ಹಾಲೆಂಡಿನ ಪಿಎಸ್‌ವಿಯಲ್ಲಿ ಚೆನ್ನಾಗೇ ಆಡಿದರು. 1994ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ, ಮರುವರ್ಷ ಕವೆಂಟ್ರಿ, ಆಮೇಲೆ ಇಟಲಿಯ ವೆನೆಜಿಯಾ. ಎಲ್ಲೂ ಬೇರು ಬಿಡಲಿಲ್ಲ. ದೇಶದ ತಂಡಕ್ಕೆ ಕೊನೆಯ ಸಲ ಆಡಿದ್ದು 1996ರಲ್ಲಿ. ಆಗ ವಯಸ್ಸು ಇಪ್ಪತ್ತೊಂದು! ಬೇರೆಯವರ ಆಟ ಶುರುವಾಗೋ ವಯಸ್ಸು.

ಹೀಗೆ ಬಂದು ಇಳಿದದ್ದು ಉನಿಯೋನ್‌ಗೆ. ಪರಾನಾ ನದಿ ಸೀಮೆಯ ಸಾಂತಾ ಫೆ, ಕೆಂಪು ಬಿಳುಪು ಪಟ್ಟೆಯ ಅಂಗಿ, ಊರಲ್ಲೇ ಕೊಲೋನ್ ಅನ್ನೋ ಕಡು ಎದುರಾಳಿ. ಕ್ಲಬ್ 1996ರಲ್ಲಷ್ಟೇ ಮೊದಲ ದರ್ಜೆಗೆ ಏರಿತ್ತು. ಅರ್ಜೆಂಟೀನಾಕ್ಕೆ ಆಫ್ರಿಕನ್ನರು ತೀರಾ ಹೊಸಬರೇನಲ್ಲ. ಕ್ಯಾಮರೂನಿನ ಅಲ್ಫೋನ್ಸ್ ಚಾಮಿ ಬೊಕಾ ಜೂನಿಯರ್ಸ್‌ನಲ್ಲಿ ಮರಡೋನಾ ಜೊತೆ ಆಡಿ ಹೆಸರು ಮಾಡಿದ್ದರು. ಲ್ಯಾಂಪ್ಟಿಗೆ ಮಾತ್ರ ಅಂಥದ್ದೇನೂ ಆಗಲಿಲ್ಲ. ಆಡಿದ್ದು ಬೆರಳೆಣಿಕೆಯ ಪಂದ್ಯ. ಉನಿಯೋನ್ ಇತಿಹಾಸದಲ್ಲಿ ಅದೊಂದು ಅಡಿಟಿಪ್ಪಣಿ.

ಆದರೆ ಅವರ ಬದುಕಿನಲ್ಲಿ ಹಾಗಲ್ಲ. ಮಗನ ಹೆಸರು ಡಿಯೆಗೊ. ಅರ್ಜೆಂಟೀನಾದಲ್ಲಿದ್ದಾಗ ಆ ಕೂಸಿಗೆ ಅಪರೂಪದ ಶ್ವಾಸಕೋಶದ ಕಾಯಿಲೆ ಬಂತು. ಮಗು ಉಳಿಯಲಿಲ್ಲ. ಭಾಷೆ ಬಾರದ ಊರು, ತಮ್ಮವರು ಅನ್ನೋರು ಯಾರೂ ಇಲ್ಲ, ಬೆಂಚಿನ ಮೇಲೆ ಕೂತ ಆಟಗಾರ. ಕ್ರೀಡಾ ಇತಿಹಾಸಗಳು ಸಾಮಾನ್ಯವಾಗಿ ಈ ಸೀಸನ್ನನ್ನು ಒಂದು ಸಾಲಿನಲ್ಲಿ ಮುಗಿಸ್ತವೆ. ಗೋಲು ಎಷ್ಟು ಅಂತ ಕೇಳ್ತವೆ. ನನಗೆ ಆ ಪ್ರಶ್ನೆಯೇ ತಪ್ಪು ಅನಿಸುತ್ತೆ. 22 ವಯಸ್ಸಿನ ಅಪ್ಪನೊಬ್ಬ ಆ ಊರಿಗೆ ಯಾರ ಲೆಕ್ಕಾಚಾರದಿಂದ ಬಂದ ಅನ್ನೋದನ್ನು ಮೊದಲು ಕೇಳಬೇಕಿತ್ತು.

ಅಲ್ಲಿಂದ ಟರ್ಕಿಯ ಅಂಕಾರಾಗುಜು, ಪೋರ್ಚುಗಲ್‌ನ ಲೈರಿಯಾ, ಜರ್ಮನಿಯ ಗ್ರೋಯ್ಟರ್ ಫ್ಯುರ್ತ್. ಜರ್ಮನಿಯಲ್ಲಿದ್ದಾಗ ಮಗಳು ಲೀಸಾಳನ್ನೂ ಅದೇ ಥರದ ಕಾಯಿಲೆ ಕೊಂಡೊಯ್ದಿತು. ಆಮೇಲೆ ಚೀನಾದ ಶಾನ್‌ಡಾಂಗ್, ದುಬೈ, ಮುಂದೆ ತನ್ನ ನೆಲದ ಅಸಾಂಟೆ ಕೊಟೊಕೊ.

18 ತುಂಬದ ಹುಡುಗರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸೋದಕ್ಕೆ ಫಿಫಾ ಕಡಿವಾಣ ಹಾಕಿದ್ದು 2001ರಲ್ಲಿ. ಲ್ಯಾಂಪ್ಟಿ ಬೆಲ್ಜಿಯಂಗೆ ಹೋಗಿ ಹತ್ತು ವರ್ಷ ದಾಟಿದ ಮೇಲೆ. ನಿಯಮ ಬಂದ ಮೇಲೂ ಸುಳ್ಳು ಆಸೆ ತೋರಿಸಿ ಹುಡುಗರನ್ನು ಕರೆದೊಯ್ಯೋರು ನಿಂತಿಲ್ಲ, ಅದು ಬೇರೆಯದೇ ಕಂತಿನ ವಿಷಯ.

ಆಟ ಬಿಟ್ಟ ಮೇಲೆ ಲ್ಯಾಂಪ್ಟಿ ಅಕ್ರಾದಲ್ಲಿ ದನ ಸಾಕಿದರು, ಜೊತೆಗೆ ಗ್ಲೋ-ಲ್ಯಾಂಪ್ ಅಂತ ಒಂದು ಶಾಲೆ ತೆರೆದರು. ಫುಟ್‌ಬಾಲ್ ಅಕಾಡೆಮಿ ಅಲ್ರಿ, ಅಕ್ಷರ ಕಲಿಸೋ ಶಾಲೆ.