ವಾರ್‌ಗೇಮಿಂಗ್ ಸೈನ್ಯಗಳ ಹಿನ್ನೆಲೆಕಥೆ

ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ಹೂಡಿ, ಅಳತೆಪಟ್ಟಿ ಹಿಡಿದು ದಾಳ ಉರುಳಿಸುವ ಆಟವೇ ಮಿನಿಯೇಚರ್ ವಾರ್‌ಗೇಮಿಂಗ್. ಇದರಲ್ಲಿ ಆಟಗಾರ ತನ್ನ ಪಡೆಗೆ ತಾನೇ ಕಟ್ಟಿಕೊಡುವ ಊರು, ಇತಿಹಾಸ, ಲಾಂಛನ, ಸ್ವಭಾವಗಳಿಗೆ ಹಿನ್ನೆಲೆಕಥೆ ಎನ್ನುತ್ತಾರೆ. ಆಟಗಾರರ ಬಾಯಲ್ಲಿ ಇದು ‘ಲೋರ್’ ಅಥವಾ ‘ಫ್ಲಫ್’.

ಗೊಂಬೆಗೆ ಕಥೆ ಹೆಣೆಯುವ ಹವ್ಯಾಸ ಹಳೆಯದು. 1826ರಲ್ಲಿ ಯಾರ್ಕ್‌ಷೈರ್‌ನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಮಗನಿಗೆಂದು ತಂದ ಮರದ ಸೈನಿಕರಲ್ಲಿ ಮಗಳು ಷಾರ್ಲಟ್ ಒಬ್ಬನಿಗೆ ವೆಲಿಂಗ್ಟನ್ ಎಂದು ಹೆಸರಿಟ್ಟಳು, ಮಗ ಬ್ರಾನ್‌ವೆಲ್ ಇನ್ನೊಬ್ಬನನ್ನು ಬೊನಪಾರ್ಟೆ ಮಾಡಿದ. ಆ ಮಕ್ಕಳ ಕಲ್ಪನೆಯ ಆಂಗ್ರಿಯಾ ರಾಜ್ಯದ ಬೇರು ಅಲ್ಲಿದೆ. ಲೇಖಕ ಎಚ್.ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ತಾವಾಡಿದ ಒಂದು ಕಾಳಗವನ್ನು ಜಂಬದ ಸೇನಾಪತಿಯೊಬ್ಬನ ಆತ್ಮಕಥೆಯ ಧಾಟಿಯಲ್ಲಿ ಬಣ್ಣಿಸಿದರು. ಮುಂದೆ ವಾರ್‌ಗೇಮರ್ ಟೋನಿ ಬಾತ್, ಕಾನನ್ ಎಂಬ ಕಾಲ್ಪನಿಕ ವೀರನ ಕಥೆಗಳ ಹೈಬೋರಿಯಾ ನಕ್ಷೆಯ ಮೇಲೆ ದೀರ್ಘ ಸಮರವನ್ನೇ ನಡೆಸಿ, ಪಾತ್ರಗಳ ಗುಣವನ್ನು ಇಸ್ಪೀಟೆಲೆ ಎಳೆದು ಗೊತ್ತುಮಾಡಿದರು.

ಕಥೆ ಕಟ್ಟಲು ಇಂದು ಹೆಚ್ಚು ಆಟಗಾರರಿಗೆ ಒದಗುವ ಲೋಕ 1987ರಲ್ಲಿ ರಿಕ್ ಪ್ರೀಸ್ಟ್ಲಿ ರೂಪಿಸಿದ ‘ವಾರ್‌ಹ್ಯಾಮರ್ 40,000’. ಅದರ ಸ್ಪೇಸ್ ಮರೀನ್ ಎಂಬ ಯೋಧರ ಪಡೆಗಳಿಗೆ ‘ಚಾಪ್ಟರ್’ ಎಂದು ಹೆಸರು. ಒಂದೊಂದರಲ್ಲೂ ಸುಮಾರು 1,000 ಯೋಧರು, ತಲಾ ನೂರರಂತೆ ಹತ್ತು ಕಂಪನಿಗಳು. ಈ ಚಾಪ್ಟರ್‌ಗಳು ಒಡೆದು ಬಂದ ಮೂಲದ 20 ಮಹಾಪಡೆಗಳಲ್ಲಿ, ಅಂದರೆ ಲೀಜನ್‌ಗಳಲ್ಲಿ, ಎರಡರ ಚರಿತ್ರೆಯನ್ನು ಬೇಕೆಂದೇ ಅಳಿಸಿಟ್ಟಿದ್ದಾರೆ. ಚೌಕಟ್ಟು ಬಿಗಿ, ಒಳಗೆ ಜಾಗ ಧಾರಾಳ. ಹಾಗಾಗಿ ಹೊಸಬನೂ ತನ್ನದೊಂದು ಚಾಪ್ಟರ್ ಹುಟ್ಟುಹಾಕಬಲ್ಲ. ಇಂಥ ಸ್ವಂತ ಸೃಷ್ಟಿಯ ಚಾಪ್ಟರ್‌ಗಳು ಹಲವು ಸಲ ಅಳಿವಿನಂಚಿನಲ್ಲೇ ಇರುತ್ತವೆ. ಕೊಂಡ ಗೊಂಬೆಗಳೇ ಮೂವತ್ತಾದರೆ ಉಳಿದವರನ್ನು ಹಿಂದಿನ ಯುದ್ಧದಲ್ಲಿ ಕೊಲ್ಲದೆ ವಿಧಿಯಿಲ್ಲ.

ಬರೆದದ್ದು ಗೊಂಬೆಯ ಮೇಲೆ ಕಾಣದಿದ್ದರೆ ಪುಟಗಟ್ಟಲೆ ಚರಿತ್ರೆಯೂ ದಂಡ. ಮರುಭೂಮಿಯವರೆಂದರೆ ಗೊಂಬೆ ನಿಲ್ಲುವ ತಳಬಿಲ್ಲೆಗೆ ಅಂಟು ಬಳಿದು ಮರಳು ಉದುರಿಸಬೇಕು, ಬೂಟಿನಿಂದ ಮೊಣಕಾಲಿನವರೆಗೆ ಕಾವಿ ಧೂಳು ಹತ್ತಿಸಬೇಕು. ಸರಬರಾಜು ಕಡಿದುಹೋದ ಪಡೆಯೆಂದರೆ ಒಬ್ಬನ ಭುಜಕವಚ ಬೇರೆ ಬಣ್ಣದ್ದು, ಸತ್ತವನಿಂದ ಬಿಚ್ಚಿಕೊಂಡದ್ದು. ತುಕಡಿಗಳ ಆಯ್ಕೆಯಲ್ಲೂ ಕಥೆ ಕೈಹಾಕಬೇಕು: ಕುದುರೆ ಸಾಕದ ಬೆಟ್ಟದ ಜನರೆಂದು ಬರೆದವನು, ಗೆಲುವು ಸುಲಭವೆಂದು ಅಶ್ವದಳ ತಂದು ನಿಲ್ಲಿಸಿದರೆ ಎದುರಾಳಿ ನಗದಿರಲಾರ. ಎಂದೂ ಸೋಲದ, ಎಲ್ಲ ಬಲ್ಲ ಸೇನಾಪತಿಯ ಕಥೆಗಿಂತ ಒಂದು ಹಳೆಯ ಹಗೆ, ಒಂದು ತೀರದ ಸಾಲ ಹೆಚ್ಚು ಬಾಳುತ್ತದೆ.

ನೆಪೋಲಿಯನ್ ಕಾಲದಂಥ ಐತಿಹಾಸಿಕ ಯುದ್ಧಗಳನ್ನು ಆಡುವವರಿಗೆ ಈ ಸಲುಗೆ ಕಡಿಮೆ. ಸಮವಸ್ತ್ರದ ಗುಂಡಿ ಎಣಿಸುವವರು ಸುತ್ತ ಇದ್ದೇ ಇರುತ್ತಾರೆ. ಅದಕ್ಕೇ ಕೆಲವರು ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಇಲ್ಲದ ಸಂಸ್ಥಾನಗಳನ್ನು ಸೃಷ್ಟಿಸಿ ಆಡುತ್ತಾರೆ.

ಕಥೆ ಆಟದ ಫಲಿತಾಂಶದಿಂದಲೂ ಬೆಳೆಯುತ್ತದೆ. 2020ರಲ್ಲಿ ವಾರ್‌ಹ್ಯಾಮರ್ 40,000ಕ್ಕೆ ಬಂದ ‘ಕ್ರುಸೇಡ್’ ನಿಯಮಗಳಲ್ಲಿ ತುಕಡಿಗಳು ಕಾಳಗದಿಂದ ಕಾಳಗಕ್ಕೆ ಅನುಭವ, ಬಿರುದು ಗಳಿಸುತ್ತವೆ. ನೆಲಕ್ಕೊರಗಿದ ತುಕಡಿಗೆ ಗಾಯದ ಗುರುತು ಅಂಟಿ, ಮುಂದಿನ ಆಟದಲ್ಲೂ ಅದರ ಬಲ ಕುಗ್ಗಬಹುದು.