ಓಮ್ಸ್ಕ್‌ನ ಆ ನಸುಕು

1984ರ ಅಕ್ಟೋಬರ್ 11ರ ನಸುಕು. ಸೈಬೀರಿಯಾದ ಓಮ್ಸ್ಕ್ ವಿಮಾನ ನಿಲ್ದಾಣದ ಮೇಲೆ ಕತ್ತಲು, ಮಳೆ, ತಗ್ಗಿ ನಿಂತ ಮೋಡ. ಒದ್ದೆಯಾದ ರನ್‌ವೇಯನ್ನು ಒಣಗಿಸಲು ಸಿಬ್ಬಂದಿ ಕೇಳಿದ ಅನುಮತಿಯನ್ನು ನೆಲದ ಸಂಚಾರದ ನಿಯಂತ್ರಕ ಕೊಟ್ಟ. ಆದರೆ ರನ್‌ವೇಯಲ್ಲಿ ವಾಹನಗಳಿವೆ ಎಂದು ಸೂಚಿಸುವ ದೀಪವನ್ನು ಹೊತ್ತಿಸದೆಯೇ ನಿದ್ದೆಗೆ ಜಾರಿದ.

ಒಣಗಿಸುವ ಯಂತ್ರವೆಂದರೆ ಲಾರಿಯ ಮೇಲೆ ಕೂರಿಸಿದ ಜೆಟ್ ಎಂಜಿನ್. ಬಿಸಿಗಾಳಿ ಊದುತ್ತ ಸಾಗುವ ಅದರ ಜೊತೆಗೇ ಟನ್ನುಗಟ್ಟಲೆ ಇಂಧನ. ನೆತ್ತಿಯ ಮಿನುಗುದೀಪ ಕಣ್ಣು ಕುಕ್ಕುತ್ತದೆಂದು ಚಾಲಕರು ಅದನ್ನು ಹಾಕಿರಲಿಲ್ಲ.

ಕ್ರಾಸ್ನೊಡಾರ್‌ನಿಂದ ನೊವೊಸಿಬಿರ್ಸ್ಕ್‌ಗೆ ಹೊರಟಿದ್ದ ಏರೋಫ್ಲೋಟ್‌ನ ಟಿಯು-154 ಅಲ್ಲಿ ಇಳಿಯಬೇಕಿತ್ತು. ವಿಮಾನವನ್ನು ಇಳಿಸುತ್ತಿದ್ದ ನಿಯಂತ್ರಕ ನೆಲದವನನ್ನು ಕರೆದಾಗ ಕೇಳಿಸಿದ್ದು ಅಸ್ಪಷ್ಟ ದನಿ. ಸೂಚನಾದೀಪವೂ ಆರಿತ್ತು. ದಾರಿ ತೆರವಾಗಿದೆ ಎಂದೇ ಅವನು ತಿಳಿದ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಮದುವೆಯ ಮಾತುಕತೆಗೆ ಒಪ್ಪೀತು, ರನ್‌ವೇಗೆ ಒಪ್ಪದು. ಪೈಲಟ್‌ಗಳು ಮತ್ತೆ ಕೇಳಿದಾಗಲೂ ದೊರೆತದ್ದು ಅದೇ ಭರವಸೆ.

ವಿಮಾನದಲ್ಲಿದ್ದ 174 ಮಂದಿ, ವಾಹನಗಳಲ್ಲಿದ್ದ 4 ಮಂದಿ ಸತ್ತರು. ನಿದ್ದೆಹೋದವನಿಗೆ ದೀರ್ಘ ಸೆರೆವಾಸವಾಯಿತು. ತಪ್ಪು ಅವನದೇ, ನಿಜ. ಆದರೂ ನನ್ನ ಮಟ್ಟಿಗೆ ನಿದ್ದೆಗಿಂತ ಘೋರವಾದದ್ದು, ಆರಿದ ದೀಪವನ್ನೇ ಉತ್ತರವೆಂದು ಒಪ್ಪಿಕೊಂಡ ಏರ್ಪಾಡು. ಇಂದು ರನ್‌ವೇ ಪ್ರವೇಶಿಸುವ ಚಾಲಕ ಅಪ್ಪಣೆಯನ್ನು ತನ್ನ ಬಾಯಿಂದಲೇ ಮರುನುಡಿಯಬೇಕು, ಹೊರಬಂದ ಮೇಲೆ ಹೊರಬಂದೆನೆಂದು ಹೇಳಬೇಕು.

ಓಮ್ಸ್ಕ್‌ನ ವಿವರಗಳನ್ನು ಸೋವಿಯತ್ ಸರಕಾರ ಜನರಿಗೆ ತಿಳಿಸಲಿಲ್ಲ. ಅವು ಬಹುಕಾಲ ಗೋಪ್ಯ ಕಡತಗಳಲ್ಲೇ ಉಳಿದವು.